ಚಿಕ್ಕ ಮಕ್ಕಳ ಜೊತೆ ಮಾತಾಡಿ, ಆಮೇಲೆ ಸ್ವಲ್ಪ ಕಾಯಿರಿ

ಯಾವ ಆ್ಯಪ್ ಹಾಕಿಕೊಡಬೇಕು, ಯಾವ ವಯಸ್ಸಿಗೆ ಅಕ್ಷರ ತಿದ್ದಿಸಬೇಕು, ಫ್ಲ್ಯಾಶ್‌ಕಾರ್ಡ್ ತರಬೇಕಾ? ಚಿಕ್ಕ ಮಕ್ಕಳಿರುವ ಅಪ್ಪ-ಅಮ್ಮಂದಿರ ತಲೆಯಲ್ಲಿ ಸದಾ ಇವೇ ಪ್ರಶ್ನೆಗಳು. ಆದರೆ ಐದು ವರ್ಷದೊಳಗಿನ ಮಗುವಿಗೆ ಇವೆಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು, ತಾನು ಏನಾದರೂ ತೋರಿಸಿದಾಗ, ತೊದಲಿದಾಗ, ಕೇಳಿದಾಗ ಓಗೊಡುವ ದೊಡ್ಡವರು. ಇದಕ್ಕೆ ಬೇರೆ ಸಮಯ ತೆಗೆದಿಡಬೇಕಾಗಿಲ್ಲ. ಸ್ನಾನ, ಊಟ, ಬಟ್ಟೆ ಮಡಚುವ ಹೊತ್ತು ಸಾಕು.

ಮೊದಲು, ಮಗು ಏನು ನೋಡುತ್ತಿದೆ ಅಂತ ಗಮನಿಸಿ. ಅದು ಚಮಚ ಹಿಡಿದು ಆಡುತ್ತಿರುವಾಗ ನೀವು ಕಿಟಕಿಯಾಚೆ ಕಾಗೆ ತೋರಿಸಿದರೆ ಅದರ ಕಿವಿಗೆ ಏನೂ ಬೀಳುವುದಿಲ್ಲ. ಆಗ ಚಮಚದ ಬಗ್ಗೆಯೇ ಮಾತಾಡಿ. ತಾನು ಆಗಲೇ ನೋಡುತ್ತಿರುವ ವಸ್ತುವಿನ ಹೆಸರು ಕಿವಿಗೆ ಬಿದ್ದರೆ ಮಗು ಅದನ್ನು ಬೇಗ ಕಲಿಯುತ್ತದೆ. ಸುಮಾರು ಒಂದು ವರ್ಷದ ಹೊತ್ತಿಗೆ ಮಕ್ಕಳು ಬೆರಳು ಮಾಡಿ ತೋರಿಸಲು ಶುರು ಮಾಡುತ್ತಾರಲ್ಲ, ಅದೂ ಒಂದು ಮಾತೇ. ಅದಕ್ಕೂ ಉತ್ತರ ಕೊಡಿ.

ಎರಡನೆಯದು, ಕಾಯುವುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟ ಕೂಡ. ನಾವು ಒಂದು ಪ್ರಶ್ನೆ ಕೇಳುತ್ತೇವೆ, ಎರಡು ಸೆಕೆಂಡು ಕಳೆಯುವಷ್ಟರಲ್ಲಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗುವಿಗೆ ಪ್ರಶ್ನೆ ಅರ್ಥವಾಗಬೇಕು, ಪದ ಹುಡುಕಬೇಕು, ನಾಲಿಗೆ ತಿರುಗಬೇಕು. ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿ, ಅಲ್ಲಿಯವರೆಗೆ ಅದರ ಮುಖವನ್ನೇ ನೋಡುತ್ತಾ ಕಾಯಿರಿ. ಅದು ‘ನಾಯಿ ಓತು’ ಅಂದರೆ ತಪ್ಪು ಅಂತ ತಿದ್ದಬೇಡಿ. ‘ಹೌದು, ದೊಡ್ಡ ನಾಯಿ ಜೋರಾಗಿ ಓಡ್ತು’ ಅನ್ನಿ. ಸರಿಯಾದ ಮಾತೂ ಕೇಳಿಸಿತು, ಎರಡು ಹೊಸ ಪದವೂ ಸಿಕ್ಕಿತು, ಮಗುವಿಗೆ ಬೇಜಾರೂ ಆಗಲಿಲ್ಲ, ಅಲ್ವಾ? ಇನ್ನೊಂದು ಮಾತು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ಮನೆಯಲ್ಲಿ ಎರಡು ಭಾಷೆ ಇದ್ದರೂ ಮಗು ಗೊಂದಲಕ್ಕೆ ಬೀಳುವುದಿಲ್ಲ. ಅದು ಎರಡನ್ನೂ ಬೆರೆಸಿ ಮಾತಾಡುವುದು ಸಹಜ.

ಪುಸ್ತಕ ಓದುವಾಗಲೂ ಇದೇ ಲೆಕ್ಕ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ಗುಂಪಿನ ಅಪ್ಪ-ಅಮ್ಮಂದಿರೂ ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಓದಿದರು. ಒಂದು ಗುಂಪು ಮಾತ್ರ ನಡುನಡುವೆ ನಿಲ್ಲಿಸಿ ‘ಇಲ್ಲಿ ಏನಾಗ್ತಿದೆ?’ ಅಂತ ಕೇಳಿ, ಮಗು ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿತು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಹಾಗಾಗಿ ಕೊನೆಯ ಪುಟ ಮುಟ್ಟಲೇಬೇಕು ಅನ್ನುವ ಹಟ ಬೇಡ. ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆಗಳಿಗಿಂತ ‘ಯಾಕೆ ಅಳ್ತಿದ್ದಾನೆ?’ ಥರದ ಪ್ರಶ್ನೆ ಒಳ್ಳೆಯದು. ಅದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಓದಿ, ಪ್ರತಿ ಸಲವೂ ಅದಕ್ಕೆ ಏನಾದರೂ ಹೊಸದು ಸಿಗುತ್ತದೆ.

ಈಗ ಲೆಕ್ಕ. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಒಂದೊಂದು ಗುಂಡಿಯನ್ನೂ, ಒಂದೊಂದು ಮೆಟ್ಟಿಲನ್ನೂ ಮುಟ್ಟಿ ಮುಟ್ಟಿ ಎಣಿಸಲಿ. ಎಣಿಸಿ ಮುಗಿದ ಮೇಲೆ ‘ಒಟ್ಟು ಎಷ್ಟು?’ ಅಂತ ಕೇಳಿದರೆ ಮೂರು ವರ್ಷದ ಮಗು ಮತ್ತೆ ಒಂದರಿಂದ ಶುರು ಮಾಡಬಹುದು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಅದಕ್ಕೆ ಇನ್ನೂ ಹೊಳೆದಿಲ್ಲ, ಅಷ್ಟೇ. ಗದರಬೇಡಿ. ಮಡಚಿದ ಬಟ್ಟೆಯಲ್ಲಿ ಸಾಕ್ಸ್ ಜೋಡಿ ಹುಡುಕಿಸಿ, ದೊಡ್ಡದು-ಚಿಕ್ಕದು ಬೇರೆ ಮಾಡಿಸಿ.

ಬರೆಯಲು ಅವಸರ ಬೇಡ. ಕಾಗದ ಹರಿಯುವುದು, ಮಣ್ಣು ಕಲಸುವುದು, ಬಟ್ಟೆ ಕ್ಲಿಪ್ ಒತ್ತುವುದು, ಇವುಗಳಿಂದಲೇ ಬೆರಳಿಗೆ ಬಲ ಬರುತ್ತದೆ.

ನಿದ್ದೆ ಮತ್ತು ಸ್ಕ್ರೀನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಮುಂದೆ ಕೂರಿಸುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ದಿನವಿಡೀ ಸೇರಿ 3 ಗಂಟೆಯಾದರೂ ಓಡಾಟ, ಆಟ ಇರಬೇಕು. ಯಾರೂ ನೋಡದಿದ್ದರೂ ಸುಮ್ನೆ ಟಿವಿ ಹಾಕಿಟ್ಟಿರುತ್ತೇವಲ್ಲ, ಅದನ್ನೂ ಆರಿಸಿ. ಅದು ಓಡುತ್ತಿದ್ದರೆ ದೊಡ್ಡವರು ಮಗುವಿನ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ.

ಕೊನೆಯದಾಗಿ, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು? ಒಂದು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿಲ್ಲ, ಒಂದೂವರೆ ವರ್ಷವಾದರೂ ಒಂದು ಪದವೂ ಬಂದಿಲ್ಲ, ಎರಡು ತುಂಬಿದರೂ ಎರಡು ಪದ ಜೋಡಿಸುತ್ತಿಲ್ಲ ಅಂದರೆ ತೋರಿಸಿ. ಬಂದಿದ್ದ ಮಾತು ನಿಂತುಹೋದರೆ ಒಂದು ದಿನವೂ ತಡ ಮಾಡಬೇಡಿ. ಗಂಡು ಮಕ್ಕಳಿಗೆ ಮಾತು ತಡ ಅಂತ ಮನೆಯವರು ಸಮಾಧಾನ ಹೇಳುತ್ತಾರೆ, ಅದನ್ನು ನಂಬಿ ಕೂರಬೇಡಿ. ಕಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹೋಗುವಾಗ ಮಗು ಹೇಳುವ ಪದಗಳನ್ನು ಬರೆದುಕೊಂಡು, ಮನೆಯಲ್ಲಿ ಆಡುವಾಗಿನ ಒಂದು ಚಿಕ್ಕ ವಿಡಿಯೊ ಮಾಡಿಕೊಂಡು ಹೋಗಿ, ಏಕೆಂದರೆ ಡಾಕ್ಟರ್ ಎದುರು ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ.