ಗೆಣಸಿಗೆ ಕುಕ್ಕರ್ ಬೇಡ

ಗೆಣಸನ್ನು ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದರೆ ಬೇಯುವುದೇನೋ ಬೇಯುತ್ತದೆ. ಆದರೆ ನೀರು ಕುಡಿದು, ಸಿಪ್ಪೆ ಬಿರಿದು, ಸಪ್ಪೆಯಾಗಿರುತ್ತದೆ. ‘ನಮ್ಮನೇಲಿ ಯಾರೂ ಗೆಣಸು ಮುಟ್ಟಲ್ಲ’ ಅನ್ನುವವರನ್ನು ನಾನು ಮೊದಲು ಕೇಳುವುದೇ, ಯಾವುದರಲ್ಲಿ ಬೇಯಿಸ್ತೀರಿ ಅಂತ.

ಗೆಣಸಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಗಡ್ಡೆಯೊಳಗೇ ಇದೆ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಕೆಲಸ ಜೋರು. ಗಡ್ಡೆ ಆ ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಸಿಹಿ ಏರುತ್ತದೆ. ಕುಕ್ಕರಿನಲ್ಲಿ ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಸುಟ್ಟ ಗೆಣಸು. ಚಿಂತಾಮಣಿಯ ನಮ್ಮ ಹಳೇ ಮನೆಯಲ್ಲಿ ಬಚ್ಚಲ ಒಲೆ ಇನ್ನೂ ಇದೆ. ನೀರು ಕಾದ ಮೇಲೆ ಉರಿ ಆರಿಸಿ, ಕೆಂಡದ ಮೇಲೆ ಬೂದಿ ಎಳೆದು, ಮಣಿಕಟ್ಟಿನಷ್ಟು ದಪ್ಪದ ಗಡ್ಡೆಗಳನ್ನು ಅದರಲ್ಲಿ ಹುಗಿಯುತ್ತೇನೆ. ನೇರ ಉರಿಗೆ ಹಾಕಿದರೆ ಹೊರಗೆ ಇದ್ದಲು, ಒಳಗೆ ಹಸಿ. ನಡುನಡುವೆ ಮಗ್ಗುಲು ಬದಲಿಸಿದರೆ ಮುಕ್ಕಾಲು ಗಂಟೆಗೆಲ್ಲ ಗಡ್ಡೆಯ ತುದಿಯಲ್ಲಿ ಕಂದು ಬಣ್ಣದ ಪಾಕ ಸಣ್ಣಗೆ ನೊರೆಯಾಡಿ, ಬೂದಿ ಮೆತ್ತಿಕೊಂಡು ಅಂಟಂಟಾಗುತ್ತದೆ. ಅದು ಕಂಡರೆ ತೆಗೆಯಬಹುದು. ಸಿಪ್ಪೆ ಸುಲಿದು ಒಂದು ಚಮಚ ತುಪ್ಪ. ನಮ್ಮ ಅತ್ತೆಗೆ ಮಾತ್ರ ಉಪ್ಪು-ಖಾರದ ಪುಡಿ ಬೇಕು.

ಒಲೆ ಇಲ್ಲದವರು ದಪ್ಪ ಕಬ್ಬಿಣದ ಕಾವಲಿಯ ಮೇಲಿಟ್ಟು, ಮೇಲೊಂದು ಪಾತ್ರೆ ಬೋರಲು ಹಾಕಿ, ಸಣ್ಣ ಉರಿಯಲ್ಲಿ ಬಿಡಿ. ನೀರು ಬೇಡ, ಎಣ್ಣೆ ಬೇಡ. ಹೊಗೆಯ ವಾಸನೆ ಬರಲ್ಲ, ಸಿಹಿ ಬರುತ್ತೆ.

ಸಂಕ್ರಾಂತಿಗೆ ಬೇಯಿಸುವ ಕ್ರಮ ಬೇರೆ. ದೊಡ್ಡ ತಪ್ಪಲೆಯ ತಳಕ್ಕೆ ಹಸಿ ಕಡ್ಲೆಕಾಯಿ, ಅದರ ಮೇಲೆ ಅವರೆಕಾಯಿ, ಎಲ್ಲಕ್ಕಿಂತ ಮೇಲೆ ಇಡೀ ಗೆಣಸು. ಉಪ್ಪು ಹಾಕಿದ ನೀರು ಅವರೆಕಾಯಿ ಮುಳುಗುವಷ್ಟಿದ್ದರೆ ಸಾಕು, ಗೆಣಸು ಹಬೆಯಲ್ಲೇ ಬೇಯಬೇಕು. ತಣ್ಣೀರಿನಿಂದಲೇ ಶುರುಮಾಡಿ, ಉರಿ ಸಣ್ಣಗಿರಲಿ. ಗೆಣಸು ಮೊದಲು ಬೇಯುತ್ತದೆ. ಕಡ್ಡಿ ಚುಚ್ಚಿ ನೋಡಿ ತೆಗೆದಿಟ್ಟುಕೊಂಡು ಉಳಿದದ್ದನ್ನು ಬೇಯಲು ಬಿಡುತ್ತೇನೆ.

ಮಿಕ್ಕಿದ್ದರಲ್ಲಿ ಮಾರನೇ ದಿನ ಒಬ್ಬಟ್ಟು. ನಾರು ತೆಗೆದು ಮಸೆದ ಗೆಣಸು ಎರಡು ಲೋಟಕ್ಕೆ ಮುಕ್ಕಾಲು ಲೋಟ ಬೆಲ್ಲದ ಪುಡಿ ದಂಡಿಯಾಯ್ತು, ಬೇಳೆ ಒಬ್ಬಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಲ್ಲ ಬಿದ್ದ ಕೂಡಲೇ ಹೂರಣ ನೀರಾಗುತ್ತದೆ. ಹೆದರದೆ ಬಾಣಲೆಯಲ್ಲಿ ಕೆದಕುತ್ತಾ ಇದ್ದರೆ ತಳ ಬಿಟ್ಟು ಉಂಡೆಗೆ ಬರುತ್ತದೆ. ಆಗ ಕಾಯಿತುರಿ, ಏಲಕ್ಕಿ. ಕಣಕ ಮಾಮೂಲಿಯೇ.

ಊಟಕ್ಕೆ ಪಲ್ಯವೂ ಚೆನ್ನ. ಸಿಪ್ಪೆ ಹೆರೆದು ಹೆಚ್ಚಿದ ತಕ್ಷಣ ನೀರಿಗೆ ಹಾಕಿ, ಇಲ್ಲದಿದ್ದರೆ ಹಾಲು ಸೋರಿ ಕಪ್ಪಾಗುತ್ತದೆ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹೋಳು ಹಾಕಿ, ನೀರು ಚಿಮುಕಿಸಿ ಮುಚ್ಚಿ. ಇಳಿಸಿದ ಮೇಲೆ ಧಾರಾಳವಾಗಿ ನಿಂಬೆರಸ. ಹುಳಿ ಇಲ್ಲದ ಗೆಣಸಿನ ಪಲ್ಯ ಅನ್ನಕ್ಕೆ ಒಗ್ಗುವುದಿಲ್ಲ. ಬಜ್ಜಿ, ಚಿಪ್ಸು ಮಾಡಿದ್ದೂ ಉಂಟು. ಎಣ್ಣೆ ಖರ್ಚು, ಅಷ್ಟೆ.

ಕೊಳ್ಳುವಾಗ ಎರಡೂ ತುದಿ ಚೂಪಾಗಿರುವ, ಗಟ್ಟಿಯಾದ ಗಡ್ಡೆ ಆರಿಸಿಕೊಳ್ಳಿ. ನಾನು ತರುವ ಗಾಡಿಯ ಅಜ್ಜ ‘ನಿನ್ನೆ ಕಿತ್ತಿದ್ದಮ್ಮ, ಒಂದು ವಾರ ಬಿಟ್ಟು ಬೇಯ್ಸು’ ಅನ್ನುತ್ತಾನೆ. ವ್ಯಾಪಾರಕ್ಕೆ ಹೇಳುವ ಮಾತಲ್ಲ, ಇಟ್ಟಷ್ಟೂ ಸಿಹಿ ಕೂಡುವುದು ನಿಜ. ಬುಟ್ಟಿಯಲ್ಲಿ ಗಾಳಿಯಾಡುವಂತೆ ಇಡಿ. ಫ್ರಿಜ್ಜಿನಲ್ಲಿಟ್ಟ ಗೆಣಸು ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಸಿಪ್ಪೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತೂತುಗಳಿದ್ದರೆ ಒಳಗೆ ಮೂತಿಹುಳ ಇದೆ ಅಂತಲೇ. ಅಂಥದ್ದನ್ನು ಅಷ್ಟು ಮಾತ್ರ ಕೊಯ್ದು ಬಳಸಿದರೂ ಕಹಿ ಹೋಗುವುದಿಲ್ಲ. ಕೊಳೆತದ್ದು, ಹುಳ ಹಿಡಿದದ್ದು ದನಕ್ಕೂ ಹಾಕಬೇಡಿ, ಅದರಲ್ಲಿ ಹುಟ್ಟುವ ವಿಷ ದನಗಳ ಶ್ವಾಸಕೋಶಕ್ಕೆ ಕೇಡು.