ಕಲ್ಲುಗೋಡೆಯ ಮನೆಗೆ ನಾನೇ ನೆಟ್‌ವರ್ಕ್ ಹಾಕಿಕೊಂಡ ಬಗೆ

ನಮ್ಮ ಮನೆ ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆಯ ಒಳಗಿನ ಒಂದು ಹಳ್ಳಿಯಲ್ಲಿದೆ. ಮುಂಭಾಗವನ್ನು ನಮ್ಮ ತಾತ ಕಟ್ಟಿಸಿದ್ದು. ಗೋಡೆಗಳು ಒಂದೂವರೆ ಅಡಿ ದಪ್ಪದ ಸೈಜುಗಲ್ಲಿನವು, ಮೇಲೆ ಕಲ್ಲುಚಪ್ಪಡಿಯ ಹೊದಿಕೆ. ಹಿಂದಿನ ಎರಡು ಕೋಣೆಗಳೂ ಅವುಗಳ ಮೇಲಿರುವ ನನ್ನ ಓದಿನ ಕೋಣೆಯೂ ಆಮೇಲೆ ಸೇರಿದ ಆರ್‌ಸಿಸಿ ಕಟ್ಟಡ. ಹಿತ್ತಲು ದಾಟಿ 60 ಮೀಟರ್ ನಡೆದರೆ ತಮ್ಮನ ರೇಷ್ಮೆ ಹುಳುಮನೆ ಸಿಗುತ್ತದೆ. ಈ ಮೂರೂ ಕಡೆ ಒಂದೇ ಇಂಟರ್‌ನೆಟ್ ಸಂಪರ್ಕ ಸರಿಯಾಗಿ ಸಿಗುವಂತೆ ಮಾಡಲು ನನಗೆ ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ವೃತ್ತಿ. ನೆಟ್‌ವರ್ಕ್ ಕೆಲಸವನ್ನು ಯಾರ ಬಳಿಯೂ ಕ್ರಮವಾಗಿ ಕಲಿತವನಲ್ಲ. ಇಂತಹ ಹಳೆಯ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ ಇರುವುದರಿಂದ, ನಾನು ಮಾಡಿದ್ದನ್ನೂ ಮಾಡಿ ಕೆಡಿಸಿಕೊಂಡದ್ದನ್ನೂ ಬರೆದಿಡುತ್ತಿದ್ದೇನೆ.

ಫೈಬರ್ ಸಂಪರ್ಕ ಬಂದ ದಿನ ಅದನ್ನು ಹಾಕಲು ಬಂದ ಹುಡುಗ ರೂಟರನ್ನು ನಡುಮನೆಯ ಗೋಡೆಗೆ ತೂಗುಹಾಕಿ, ಫೋನಿನಲ್ಲಿ ವೇಗ ತೋರಿಸಿ ಹೊರಟುಹೋದ. ನಡುಮನೆಯಲ್ಲಿ ಎಲ್ಲವೂ ಸರಿಯಿತ್ತು, ಅಡುಗೆಮನೆ ದಾಟಿದರೆ ಏನೂ ಇರಲಿಲ್ಲ. ಫೋನಿನ ಒಂದು ಆ್ಯಪ್ ಬಳಸಿ ನಾನು ಸಿಗ್ನಲ್ ಅಳೆದೆ. ರೂಟರಿನ ಮುಂದೆ ಮೈನಸ್ 42 ಡಿಬಿಎಂ, ಒಂದು ಕಲ್ಲುಗೋಡೆಯ ಆಚೆ ಮೈನಸ್ 63, ಎರಡನೆಯ ಗೋಡೆಯ ಆಚೆ ಮೈನಸ್ 81. ಈ ಮಾನದಲ್ಲಿ ಪ್ರತಿ 10 ಅಂಕದ ಇಳಿಕೆ ಎಂದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ. ಅಂದರೆ ಒಂದು ಗೋಡೆ ದಾಟುವಷ್ಟರಲ್ಲಿ ನೂರರಲ್ಲಿ ಒಂದು ಭಾಗವೂ ಉಳಿದಿರಲಿಲ್ಲ. ಇದು 2.4 ಗಿಗಾಹರ್ಟ್ಸ್‌ನ ಲೆಕ್ಕ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ತರಂಗವಂತೂ ಎರಡನೆಯ ಗೋಡೆಯ ಆಚೆಗೆ ಹೋಗಲೇ ಇಲ್ಲ.

ಎಲ್ಲರೂ ಮಾಡುವಂತೆ ನಾನೂ ಮೊದಲು, ವೈಫೈ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಹರಡುವ ರಿಪೀಟರ್ ತಂದೆ. ಅದೇ ರೇಡಿಯೊದಲ್ಲಿ ಕೇಳಿ ಅದೇ ರೇಡಿಯೊದಲ್ಲಿ ಹೇಳಬೇಕಾದ ರಿಪೀಟರ್ ವೇಗವನ್ನು ಅರ್ಧ ಮಾಡುತ್ತದೆ. ಜೊತೆಗೆ, ಸಿಗ್ನಲ್ ಕುಂದಿದ ಜಾಗದಲ್ಲೇ ಇಟ್ಟರೆ ಅದು ಮುಂದಕ್ಕೆ ಸಾಗಿಸುವುದೂ ಕುಂದಿದ ಸಿಗ್ನಲ್ಲನ್ನೇ. ಆಮೇಲೆ ಸಹೋದ್ಯೋಗಿಯೊಬ್ಬರಿಂದ ಮೂರು ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡುವ ಮೆಶ್ ಸೆಟ್ಟನ್ನು ಒಂದು ವಾರಕ್ಕೆ ಎರವಲು ತಂದು ನೋಡಿದೆ. ಮೆಶ್ ಒಳ್ಳೆಯ ವ್ಯವಸ್ಥೆಯೇ, ಆದರೆ ತಂತಿಯಿಲ್ಲದೆ ಬಳಸಿದಾಗ ಆ ಪೆಟ್ಟಿಗೆಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಬೇಕಾದದ್ದೂ ಅದೇ ಕಲ್ಲಿನ ಮೂಲಕ. ನಮ್ಮ ಮನೆಯಲ್ಲಿ ವೈಫೈ ಏನಿದ್ದರೂ ಕೋಣೆಯೊಳಗಿನ ಕೊನೆಯ ಹತ್ತು ಹೆಜ್ಜೆಗೆ ಸಾಕು, ಕೋಣೆಯಿಂದ ಕೋಣೆಗೆ ತಂತಿಯೇ ಹೋಗಬೇಕು ಎಂದು ಆ ವಾರ ನಿರ್ಧರಿಸಿದೆ. ಆಮೇಲೆ ಉಪಕರಣಗಳನ್ನು ಎಷ್ಟೋ ಸಲ ಬದಲಾಯಿಸಿದ್ದೇನೆ; ಈ ನಿರ್ಧಾರವನ್ನು ಬದಲಾಯಿಸುವ ಪ್ರಸಂಗ ಬಂದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 305 ಮೀಟರಿನ ಒಂದು ಪೆಟ್ಟಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದೆ. ನಮ್ಮ ಊರಿನ ಎಲೆಕ್ಟ್ರಿಷಿಯನ್ ಗೋಡೆಗಳನ್ನು ತಟ್ಟಿ ನೋಡಿ, "ಮೇಷ್ಟ್ರೇ, ಈ ಕಲ್ಲನ್ನ ಕೊರೆಯೋದು ಬೇಡ, ಗವಾಕ್ಷಿಯಿಂದ ತಗೊಂಡು ಹೋಗೋಣ" ಎಂದರು. ಅದು ಬಹಳ ಒಳ್ಳೆಯ ಸಲಹೆ. ಹಳೆಯ ಮನೆಯ ಪ್ರತಿ ಕೋಣೆಗೂ ಸೂರಿನ ಕೆಳಗೆ ಒಂದು ಗವಾಕ್ಷಿ ಇರುವುದರಿಂದ, ಎಲ್ಲಿಯೂ ಗೋಡೆ ಒಡೆಯದೆ, ಪಿವಿಸಿ ಕೇಸಿಂಗ್ ಪಟ್ಟಿಯೊಳಗೆ ಕೇಬಲ್ ಹಾಯಿಸಿ ಎರಡು ದಿನದಲ್ಲಿ ಕೆಲಸ ಮುಗಿಸಿದೆವು. ಕರೆಂಟಿನ ವೈರಿಗೂ ಇದಕ್ಕೂ ನಡುವೆ ಒಂದು ಗೇಣಾದರೂ ಅಂತರ ಇರಿಸಿ, ಒಂದನ್ನೊಂದು ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ ದಾಟಿಸಿದೆವು.

ಕೇಬಲ್ ತುದಿಗೆ ಆರ್‌ಜೆ 45 ಕನೆಕ್ಟರ್ ಕ್ರಿಂಪ್ ಮಾಡುವುದನ್ನು ನಾನೇ ಕಲಿತೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಅನುಕ್ರಮ ಎರಡೂ ತುದಿಯಲ್ಲಿ ಒಂದೇ ಆಗಿರಬೇಕು. ಬಣ್ಣಗಳ ಅನುಕ್ರಮವನ್ನು ಎಲ್ಲರೂ ಹೇಳಿಕೊಡುತ್ತಾರೆ. ಜೋಡಿ ಎಳೆಗಳ ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದೆಂಬುದನ್ನು ಯಾರೂ ಹೇಳುವುದಿಲ್ಲ. ಒಂದರ ಸದ್ದು ಇನ್ನೊಂದಕ್ಕೆ ತಾಗದಂತೆ ತಡೆಯುವುದೇ ಆ ಹುರಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕೂರದಿದ್ದರೆ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದು, ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಯಾವುದಾದರೂ ಕೋಣೆಯಲ್ಲಿ ಮನೆಯ ಜಾಲದೊಳಗಿನ ವೇಗ ಸರಿಯಾಗಿ 95ರ ಆಸುಪಾಸಿಗೆ ನಿಂತರೆ ನಾನು ಮೊದಲು ರೂಟರನ್ನಲ್ಲ, ಕನೆಕ್ಟರನ್ನು ನೋಡುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಮಹಡಿಯ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲಿನಲ್ಲಿ ಬಂದ ಸಂಪರ್ಕವನ್ನು ಕೋಣೆಯೊಳಗೆ ವೈಫೈ ಆಗಿ ಹರಡುವ ಪೆಟ್ಟಿಗೆ, ರಾತ್ರಿ ಹೊತ್ತು ತಾನಾಗಿಯೇ ಆರಿ ಹತ್ತುತ್ತಿತ್ತು. ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ. ಪಿಒಇ ವಿಧಾನದಲ್ಲಿ ಅದೇ ಕೇಬಲಿನಿಂದ ವಿದ್ಯುತ್ತೂ ಹೋಗುತ್ತದೆ. 2003ರ ಮಾನಕದಂತೆ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಕಡೆಯಿಂದ 15.4 ವ್ಯಾಟ್ ಹೊರಟರೆ ತಂತಿಯಲ್ಲಿ ಆಗುವ ನಷ್ಟ ಕಳೆದು ಆಚೆ ತುದಿಗೆ 12.95 ವ್ಯಾಟ್ ಖಾತರಿ. ಆದರೆ ಆ ಲೆಕ್ಕ ತಂತಿ ತಾಮ್ರದ್ದಾಗಿದ್ದರೆ ಮಾತ್ರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದಾಗ ಒಳಗೆ ಬೆಳ್ಳಗೆ ಅಲ್ಯುಮಿನಿಯಂ ಕಂಡಿತು. ತಾಮ್ರದ ಲೇಪವಿರುವ ಅಲ್ಯುಮಿನಿಯಂ ತಂತಿಯನ್ನೇ ಅಂಗಡಿಯವರು ತಾಮ್ರದ್ದೆಂದು ಕೊಟ್ಟಿದ್ದರು. ಅದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು; ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತದೆ, ತಂತಿ ಬಿಸಿಯಾಗುತ್ತದೆ, ಎರಡು ಸಲ ಬಾಗಿಸಿದರೆ ಮುರಿಯುತ್ತದೆ. ಹಾಸಿದ ಅಷ್ಟೂ ಕೇಬಲನ್ನು ಎಳೆದು ಬಿಸುಟು ಹೊಸದು ಹಾಕಿದೆ. ಈ ನಷ್ಟದ ನೋವು ನನಗೆ ಇನ್ನೂ ಇದೆ. ಕೇಬಲ್ ಕೊಳ್ಳುವವರು ದಯವಿಟ್ಟು ಪೆಟ್ಟಿಗೆಯ ಮೇಲೆ ಈ ಬಗೆಯ ತಂತಿಯ ಗುರುತಾದ ಸಿಸಿಎ ಎಂಬ ಮೂರಕ್ಷರ ಇದೆಯೇ ನೋಡಬೇಕು, ಪೆಟ್ಟಿಗೆ ಎತ್ತಿ ತೂಕ ಅಂದಾಜು ಮಾಡಬೇಕು, ಅಂಗಡಿಯಲ್ಲೇ ಒಂದು ಎಳೆ ಕೆರೆದು ನೋಡಬೇಕು.

ಉಪಕರಣಗಳೆಲ್ಲ ನಡುಮನೆಯ ಗೋಡೆಗೂಡಿನಲ್ಲಿವೆ. ಅಜ್ಜಿ ಪಂಚಾಂಗ, ಔಷಧಿ ಇಡುತ್ತಿದ್ದ ಗೂಡು ಅದು. ಮರದ ಬಾಗಿಲು ತೆಗೆದು ಗಾಳಿಯಾಡಲು ಜಾಲರಿ ಹಾಕಿಸಿದೆ. ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ, ಅದರ ಪಕ್ಕದಲ್ಲಿ ರೂಟರ್, 8 ಪೋರ್ಟಿನ ಪಿಒಇ ಸ್ವಿಚ್, ಬೆಂಗಳೂರಿನ ಕಚೇರಿಯೊಂದು ಮಾರಿದ ಹಳೆಯ ಥಿಂಕ್‌ಸೆಂಟರ್ ಟೈನಿ ಕಂಪ್ಯೂಟರ್, ಇಷ್ಟೇ. ಓಎನ್‌ಟಿಯನ್ನು ಸಂಪರ್ಕವನ್ನು ಹಾಗೆಯೇ ದಾಟಿಸುವ ಬ್ರಿಡ್ಜ್ ವಿಧಾನಕ್ಕೆ ಹಾಕಿಸಿ, ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಹೆಸರು ಮತ್ತು ಪಾಸ್‌ವರ್ಡನ್ನು ನನ್ನ ರೂಟರಿಗೆ ಕೊಟ್ಟಿದ್ದೇನೆ. ಇಲ್ಲದಿದ್ದರೆ ಎರಡು ಪೆಟ್ಟಿಗೆಗಳೂ ವಿಳಾಸ ಬದಲಿಸುವ ಕೆಲಸವನ್ನು ಒಂದರ ಮೇಲೊಂದು ಮಾಡುತ್ತವೆ.

ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದೇನೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ 54ಜಿ ರೂಟರಿನ ಲಿನಕ್ಸ್ ಆಧಾರಿತ ಮೂಲ ಸಂಕೇತ 2003ರಲ್ಲಿ ಸಾರ್ವಜನಿಕವಾದದ್ದರಿಂದ 2004ರಲ್ಲಿ ಹುಟ್ಟಿದ ತಂತ್ರಾಂಶ ಅದು. ನಾನು ಅದನ್ನು ಆರಿಸಿದ್ದು ಮುಖ್ಯವಾಗಿ ಒಂದು ಗುಣಕ್ಕೆ. ನಮ್ಮದು 100 ಎಂಬಿಪಿಎಸ್ ಸಂಪರ್ಕ. ಹಾಗಿದ್ದೂ ಮನೆಯಲ್ಲಿ ಯಾರದಾದರೂ ಫೋನು ಫೋಟೊಗಳನ್ನು ಮೇಲಕ್ಕೆ ಕಳಿಸತೊಡಗಿದರೆ ನನ್ನ ಆನ್‌ಲೈನ್ ಪಾಠದ ಧ್ವನಿ ತುಂಡುತುಂಡಾಗುತ್ತಿತ್ತು. ಕೋಲಾರದ ಟೊಮೆಟೊ ಮಂಡಿಯ ಗೇಟಿನಲ್ಲಿ ಲಾರಿಗಳ ಸಾಲು ಬೆಳೆದಾಗ, ನಾಲ್ಕೇ ಕ್ರೇಟು ತಂದ ಟಿವಿಎಸ್ ಗಾಡಿಯೂ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದಲ್ಲ, ಇದೂ ಹಾಗೆಯೇ. ರಸ್ತೆ ಸಾಕಷ್ಟು ಅಗಲವಾಗಿದೆ. ಸಾಲನ್ನು ಬೆಳೆಯಲು ಬಿಟ್ಟದ್ದು ತಪ್ಪು. ಫೋಟೊಗಳ ದೊಡ್ಡ ರಾಶಿ ಓಎನ್‌ಟಿಯ ಮೆಮೊರಿಯಲ್ಲಿ ಸಾಲುಗಟ್ಟಿದಾಗ ಧ್ವನಿಯ ಚಿಕ್ಕ ಪ್ಯಾಕೆಟ್ ಅದರ ಹಿಂದೆ ಕಾಯುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯುಎಂ ಎಂಬ ಸೌಲಭ್ಯದಲ್ಲಿ ಕೇಕ್ ಎಂಬ ಕ್ರಮವನ್ನು ಆರಿಸಿ, ಎರಡೂ ದಿಕ್ಕಿನ ವೇಗದ ಮಿತಿಯನ್ನು 90 ಎಂಬಿಪಿಎಸ್‌ಗೆ ಕಟ್ಟಿದೆ. ಈಗ ಸಾಲು ಕಟ್ಟುವುದು ನನ್ನ ರೂಟರಿನಲ್ಲೇ, ಅಲ್ಲಿ ಪ್ರತಿಯೊಬ್ಬರ ಪ್ಯಾಕೆಟ್ಟಿಗೂ ಸರದಿಯಂತೆ ದಾರಿ ಸಿಗುತ್ತದೆ. ಲೆಕ್ಕದಲ್ಲಿ ಹತ್ತು ಎಂಬಿಪಿಎಸ್ ಬಿಟ್ಟುಕೊಟ್ಟಂತಾಯಿತು, ಆದರೆ ಅಂದಿನಿಂದ ಒಂದು ಪಾಠವೂ ಕೆಟ್ಟಿಲ್ಲ. ಹೆಚ್ಚು ವೇಗದ ಪ್ಲಾನಿಗೆ ಹಣ ಕಟ್ಟುವ ಮೊದಲು ಇದನ್ನು ಮಾಡಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮನೆಯವರ ಫೋನು ಮತ್ತು ಲ್ಯಾಪ್‌ಟಾಪ್‌ಗಳಿಗೆ ಒಂದು, ಬಂದುಹೋಗುವ ನೆಂಟರಿಗೆ ಒಂದು, ಕ್ಯಾಮೆರಾ ಮತ್ತು ಸೆನ್ಸರ್‌ಗಳಿಗೆ ಒಂದು, ಹೀಗೆ ಮೂರು ವಿಲ್ಯಾನ್‌ಗಳಿವೆ, ಅಂದರೆ ಅವೇ ತಂತಿಗಳ ಮೇಲೆ ಬೇರೆಬೇರೆಯಾಗಿ ನಡೆಯುವ ಜಾಲಗಳು. ಮೂರನೆಯದಕ್ಕೆ ಹೊರಗಿನ ಇಂಟರ್‌ನೆಟ್ ಇಲ್ಲ. ನಾಲ್ಕು ಕ್ಯಾಮೆರಾಗಳು ತಲಾ 2 ಎಂಬಿಪಿಎಸ್‌ನಂತೆ ದಿನಕ್ಕೆ ಸುಮಾರು 86 ಜಿಬಿ ತುಂಬಿಸುತ್ತವೆ. ಟೈನಿ ಕಂಪ್ಯೂಟರಿನಲ್ಲಿರುವ 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನದ ದೃಶ್ಯ ಉಳಿಯುತ್ತದೆ, ನಮಗೆ ಅಷ್ಟು ಸಾಕು.

ಹುಳುಮನೆಯ ಕೆಲಸದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಉಳಿದಿದ್ದ ಕ್ಯಾಟ್ 6 ಕೇಬಲನ್ನು ಮಾವಿನ ಮರದ ಆಸರೆಯಲ್ಲಿ ಹಿತ್ತಲಿನ ಮೇಲಿಂದ ಎಳೆದು ಹುಳುಮನೆಗೆ ಮುಟ್ಟಿಸಿದೆ. ಕ್ಯಾಟ್ 6 ಕೇಬಲ್ 100 ಮೀಟರಿನವರೆಗೆ ಹೋಗಬಹುದು, ನಮ್ಮದು 60 ಮೀಟರ್. ಹಾಗಾಗಿ ತೊಂದರೆ ಇಲ್ಲವೆಂದುಕೊಂಡೆ. ಒಂದು ಸಂಜೆ ಕೃತ್ತಿಕೆ ಮಳೆಯ ಗುಡುಗಿನಲ್ಲಿ ಸಿಡಿಲು ಎಲ್ಲೋ ತೋಪಿನ ಆಚೆ ಬಿತ್ತು, ನಮ್ಮ ಮನೆಗೂ ಅಲ್ಲ, ಮರಕ್ಕೂ ಅಲ್ಲ. ಆದರೂ ಸ್ವಿಚ್ಚಿನ ಮೂರು ಪೋರ್ಟು, ಓಎನ್‌ಟಿ, ಹುಳುಮನೆಯ ಸೆನ್ಸರ್ ಬೋರ್ಡು ಒಟ್ಟಿಗೆ ಸುಟ್ಟುಹೋದವು. ಸಿಡಿಲು ನೆಲಕ್ಕಿಳಿದಾಗ ನೆಲದ ವಿಭವ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಕ್ಷಣಕಾಲ ಸಾವಿರಾರು ವೋಲ್ಟಿನ ವ್ಯತ್ಯಾಸ ಹುಟ್ಟಬಹುದು, ಅವೆರಡನ್ನು ಜೋಡಿಸಿರುವ ತಾಮ್ರವೇ ಅದಕ್ಕೆ ದಾರಿ. ಜೊತೆಗೆ ಉದ್ದದ ತಂತಿಯಲ್ಲಿ ಪ್ರೇರಿತ ವಿದ್ಯುತ್ತೂ ಹುಟ್ಟುತ್ತದೆ. ಇದನ್ನು ತರಗತಿಯಲ್ಲಿ ವರ್ಷವರ್ಷವೂ ಕಲಿಸುವ ನನಗೆ ಮೊದಲೇ ಹೊಳೆಯಬೇಕಾಗಿತ್ತು.

ಆಮೇಲೆ ಆ 60 ಮೀಟರಿಗೆ ಫೈಬರ್ ಹಾಕಿದೆ. ಗಾಜು ವಿದ್ಯುತ್ತನ್ನು ಹರಿಯಲು ಬಿಡುವುದಿಲ್ಲ. ಎರಡು ಕಟ್ಟಡಗಳ ನಡುವೆ ಬೆಳಕು ಮಾತ್ರ ಓಡಾಡುತ್ತದೆ. ಸಿಂಗಲ್ ಮೋಡ್ ಡ್ರಾಪ್ ಕೇಬಲಿನ ಒಂದೇ ಎಳೆ, ಎರಡು ತುದಿಗೆ ತಂತಿಯ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ಸಂಕೇತವಾಗಿಯೂ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್. ಒಂದು ದಿಕ್ಕಿಗೆ 1310 ನ್ಯಾನೊಮೀಟರ್, ಮರುದಿಕ್ಕಿಗೆ 1550 ನ್ಯಾನೊಮೀಟರ್ ತರಂಗಾಂತರ ಇರುವುದರಿಂದ ಒಂದೇ ಎಳೆಯಲ್ಲಿ ಹೋಗಿಬರುವುದು ಎರಡೂ ನಡೆಯುತ್ತದೆ. ಕನ್ವರ್ಟರ್‌ಗಳನ್ನು ಜೋಡಿಯಾಗಿಯೇ ಕೊಳ್ಳಬೇಕು, ಒಂದೇ ಬಗೆಯ ಎರಡು ತಂದರೆ ಕೆಲಸ ಮಾಡವು. ಒಂದೂವರೆ ಅಡಿ ಗುಂಡಿ ತೆಗೆದು ಎಚ್‌ಡಿಪಿಇ ಪೈಪಿನೊಳಗೆ ಹಾಯಿಸಿದೆವು. ತುದಿಗಳನ್ನು ಬೆಸೆಯಲು ಸ್ಪ್ಲೈಸಿಂಗ್ ಯಂತ್ರವಿದ್ದ ಕೇಬಲ್ ಆಪರೇಟರ್ ಹುಡುಗನನ್ನು ಕರೆಸಿದೆ. ಒಂದು ಎಚ್ಚರಿಕೆ ಅವಶ್ಯ: ಕಂಬದಿಂದ ಕಂಬಕ್ಕೆ ಎಳೆಯುವ ಡ್ರಾಪ್ ಕೇಬಲಿನಲ್ಲಿ ಸಾಮಾನ್ಯವಾಗಿ ಫೈಬರಿನ ಜೊತೆಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೆಯೇ ಎರಡು ಮನೆಯೊಳಕ್ಕೂ ತಂದರೆ ಫೈಬರ್ ಹಾಕಿದ ಉದ್ದೇಶವೇ ಕೆಡುತ್ತದೆ. ಲೋಹವೇ ಇಲ್ಲದ, ನಾರು ಬೆರೆತ ಪ್ಲಾಸ್ಟಿಕ್ಕಿನ (ಎಫ್‌ಆರ್‌ಪಿ) ಕಡ್ಡಿಯ ಕೇಬಲನ್ನು ಹುಡುಕಿ ತಂದೆ. ಅಂದಿನಿಂದ ಎರಡು ಬೇಸಿಗೆಗಳ ಗುಡುಗು ಕಳೆದಿದೆ, ಒಂದು ಪೋರ್ಟೂ ಹೋಗಿಲ್ಲ.

ಹುಳುಮನೆಗೆ ನೆಟ್‌ವರ್ಕ್ ಬೇಕಾದದ್ದೇಕೆಂದು ಕೇಳುವವರಿದ್ದಾರೆ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಹುಳುಗಳಿಗೆ, 27ರಿಂದ 28 ಡಿಗ್ರಿ ಉಷ್ಣತೆ, ಶೇ. 80ರ ಮೇಲೆ ತೇವಾಂಶ ಬೇಕು. ಬೆಳೆದ ಹುಳುಗಳಿಗೆ ಅವೆರಡೂ ಇಳಿಯಬೇಕು, ಕೊನೆಯ ಹಂತದಲ್ಲಿ 24 ಡಿಗ್ರಿಯ ಆಸುಪಾಸು, ತೇವಾಂಶ ಶೇ. 70ರಷ್ಟು. ತಮ್ಮ ಮೊದಲು ಗೋಡೆಯ ಥರ್ಮಾಮೀಟರ್ ನೋಡಲು ರಾತ್ರಿ ಎದ್ದು ಹಿತ್ತಲು ದಾಟಿ ಹೋಗುತ್ತಿದ್ದ. ಈಗ ಇಎಸ್‌ಪಿ 32 ಬೋರ್ಡಿಗೆ ಜೋಡಿಸಿದ ಎಸ್‌ಎಚ್‌ಟಿ 31 ಸೆನ್ಸರ್ ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತದೆ, ಮಿತಿ ಮೀರಿದರೆ ಅವನ ಫೋನು ಕೂಗುತ್ತದೆ. "ಅಣ್ಣಾ, ಕೊನೇ ಜ್ವರ ಎದ್ದ ಮೇಲೆ ನಾನೂ ಒಂದಿಷ್ಟು ನಿದ್ದೆ ಮಾಡೋ ಹಂಗಾಯ್ತು" (ಹುಳುಗಳು ಪೊರೆ ಬಿಡುವ ಹಂತವೇ ಈ ಜ್ವರ) ಎಂದು ಅವನು ಹೇಳಿದ ದಿನ ನನಗಾದ ಸಂತೋಷ ಬೇರೆ ಯಾವ ಉಪಕರಣದಿಂದಲೂ ಆಗಿರಲಿಲ್ಲ. ಆ ಅಳತೆಗಳನ್ನು ಕಾಲೇಜಿನಿಂದಲೂ ನೋಡಲು, ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಎಂಬ ತಂತ್ರಾಂಶ ಇದೆ. ನಮ್ಮ ಸಂಪರ್ಕಕ್ಕೆ ಸಿಗುವ ಹಳೆಯ ಬಗೆಯ ಇಂಟರ್‌ನೆಟ್ ವಿಳಾಸ, ಅಂದರೆ ಐಪಿವಿ4 ವಿಳಾಸ, 100.64ರ ಸಾಲಿನದು, ಹಲವರು ಹಂಚಿಕೊಳ್ಳುವಂಥದ್ದು, ಹೊರಗಿನಿಂದ ಅದಕ್ಕೆ ದಾರಿಯಿಲ್ಲ. ಹಾಗಾಗಿ ಹೊಸ ಬಗೆಯ ಐಪಿವಿ6 ವಿಳಾಸದ ಮೂಲಕ ಬರುತ್ತೇನೆ.

ಗೂಡಿನಲ್ಲಿರುವುದೆಲ್ಲ ಸೇರಿ 30 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ ಸುಮಾರು 22 ಯೂನಿಟ್. ಮನೆಯ ಇನ್ವರ್ಟರಿನಿಂದ ಅದಕ್ಕೊಂದು ಪ್ರತ್ಯೇಕ ಲೈನ್ ಎಳೆಸಿದ್ದೇನೆ, ಹುಳುಮನೆಯಲ್ಲಿ ಲಿಥಿಯಂ ಸೆಲ್ಲಿನ ಒಂದು ಪುಟ್ಟ ಯುಪಿಎಸ್ ಇದೆ.

ಪ್ರತಿ ಕೇಬಲಿನ ಎರಡೂ ತುದಿಗೆ ನಂಬರು ಸುತ್ತಿ, ಯಾವುದು ಎಲ್ಲಿಗೆ ಹೋಗುತ್ತದೆ, ಯಾವ ದೀಪ ಆರಿದರೆ ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಗೂಡಿನ ಒಳಗೆ ಅಂಟಿಸಿದ್ದೇನೆ. ಕಳೆದ ವರ್ಷ ನಾನು ಮೌಲ್ಯಮಾಪನಕ್ಕೆ ಬೆಂಗಳೂರಿನಲ್ಲಿದ್ದಾಗ ಹುಳುಮನೆಯ ಅಳತೆ ನಿಂತುಹೋಯಿತು. ತಮ್ಮ ಆ ಹಾಳೆ ನೋಡಿಕೊಂಡು 7ನೇ ನಂಬರಿನ ಕೇಬಲ್ ಹಿಡಿದು ಕನ್ವರ್ಟರ್ ತನಕ ಹೋಗಿ, ಅದರ 5 ವೋಲ್ಟಿನ ಅಡಾಪ್ಟರ್ ಸತ್ತಿದೆಯೆಂದು ಕಂಡುಕೊಂಡು, ಇನ್ನೊಂದು ಚುಚ್ಚಿ ಸರಿಮಾಡಿದ. ಅಂಥದೇ ಒಂದು ಬಿಡಿ ಅಡಾಪ್ಟರನ್ನು ಈಗ ಹುಳುಮನೆಯ ಬಾಗಿಲ ಪಕ್ಕದ ಮೊಳೆಗೆ ಕಟ್ಟಿಟ್ಟಿದ್ದೇವೆ.