ನಮಗೆ ಕಾಣುವ ಹುಳ, ಮೀನು ತಿನ್ನುವ ಹುಳ

ಟ್ರೌಟ್ ಮೀನಿನ ಹೊಳೆಯಲ್ಲಿ ಫ್ಲೈ ಫಿಶಿಂಗ್ ಶುರು ಮಾಡಿದ ಮೇಲೆ ಎರಡು ವರ್ಷ ಒಂದೇ ತಪ್ಪು ಮಾಡಿದೆ. ನೀರಿನ ಮೇಲೆ ಯಾವ ಹುಳ ತೇಲುತ್ತಿದೆಯೋ ಅದನ್ನೇ ಹೋಲುವ ಫ್ಲೈ (ಕೊಕ್ಕೆಗೆ ಗರಿ ಕಟ್ಟಿ ಮಾಡಿದ ನಕಲಿ ಹುಳ) ಹಾಕುತ್ತಿದ್ದೆ. ಮೀನು ಅದನ್ನೇ ತಿನ್ನುತ್ತಿದೆ ಅಂತ ನಂಬಿದ್ದೆ.

ಆ ನಂಬಿಕೆ ಹೋಗಿದ್ದು ಮೋಡ ಕವಿದ ಒಂದು ಮಧ್ಯಾಹ್ನ. ಚಳಿ, ಜೊತೆಗೆ ತುಂತುರು. ಬ್ಲೂ ವಿಂಗ್ಡ್ ಆಲಿವ್ ಅಂತ ಕರೆಯುವ ಪುಟ್ಟ ಮೇಫ್ಲೈಗಳಿಗೆ (ನೀರಲ್ಲಿ ಬೆಳೆದು ರೆಕ್ಕೆ ಬಿಚ್ಚುವ ಹುಳಗಳು) ಹೇಳಿಮಾಡಿಸಿದ ಹವೆ. ಬೂದು ರೆಕ್ಕೆಗಳನ್ನು ದೋಣಿಯ ಹಾಯಿಯ ಹಾಗೆ ನೆಟ್ಟಗೆ ಎತ್ತಿಕೊಂಡು ಸಾಲುಸಾಲಾಗಿ ತೇಲಿ ಬರುತ್ತಿದ್ದವು, ಎಲ್ಲಿ ನೋಡಿದರೂ ಮೀನು ಏಳುತ್ತಿತ್ತು. 18ನೇ ನಂಬರಿನ ಕೊಕ್ಕೆಗೆ ಕಟ್ಟಿದ ತೇಲುವ ಫ್ಲೈ ಹಾಕಿದೆ. ಮುಕ್ಕಾಲು ಗಂಟೆ ಒಂದೂ ಮುಟ್ಟಲಿಲ್ಲ. 20ಕ್ಕೆ ಇಳಿದೆ (ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಚಿಕ್ಕದು), ತುದಿಯ ದಾರವನ್ನೂ ಇನ್ನಷ್ಟು ತೆಳ್ಳಗಿನದು ಕಟ್ಟಿದೆ. ಊಹೂಂ.

ಕೊನೆಗೆ ರಾಡ್ ಪಕ್ಕಕ್ಕಿಟ್ಟು ದಡದಲ್ಲಿ ಕೂತೆ. ಒಂದೇ ಒಂದು ಮೀನನ್ನು ನೋಡುತ್ತಾ ಕೂತೆ. ರೆಕ್ಕೆ ಬಿಚ್ಚಿದ ಹುಳಗಳು ಒಂದರ ಹಿಂದೆ ಒಂದು ಅದರ ನೆತ್ತಿಯ ಮೇಲಿಂದಲೇ ದಾಟಿ ಹೋದವು, ಅದು ಬಾಯಿ ಹಾಕಲಿಲ್ಲ. ಆದರೆ ಏಳುವುದನ್ನು ಬಿಡಲೂ ಇಲ್ಲ. ಬೆನ್ನು ಕಾಣುತ್ತಿತ್ತು, ಆಮೇಲೆ ಬಾಲದ ತುದಿ. ಮೂತಿ ಮಾತ್ರ ನೀರಿನಿಂದ ಹೊರಗೆ ಬರುತ್ತಲೇ ಇರಲಿಲ್ಲ, ಗುಳ್ಳೆಯೂ ಉಳಿಯುತ್ತಿರಲಿಲ್ಲ. ಮೇಲೆ ತೇಲುವ ಹುಳ ನುಂಗುವಾಗ ಮೀನು ಸ್ವಲ್ಪ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಸಾಮಾನ್ಯವಾಗಿ ಒಂದೆರಡು ಗುಳ್ಳೆ ಕಾಣುತ್ತವೆ. ಇದು ತಿನ್ನುತ್ತಿದ್ದದ್ದು ನೀರಿನ ಮೇಲಿನದನ್ನಲ್ಲ, ಅದರ ಅಡಿಯಲ್ಲೇ ಇದ್ದದ್ದನ್ನು.

ಮೇಫ್ಲೈ ತನ್ನ ಆಯಸ್ಸಿನ ಬಹುಪಾಲು ಹೊಳೆಯ ತಳದ ಕಲ್ಲುಗಳ ನಡುವೆ ನಿಂಫ್ (ಇನ್ನೂ ರೆಕ್ಕೆ ಬಾರದ ಮರಿಹುಳ) ಆಗಿ ಕಳೆಯುತ್ತದೆ. ಸಮಯ ಬಂದಾಗ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಪದರವನ್ನು ಭೇದಿಸಿ, ಹಳೆಯ ಪೊರೆ ಕಳಚಿ ರೆಕ್ಕೆ ಬಿಚ್ಚಬೇಕು. ಅರ್ಧ ಪೊರೆಯಲ್ಲಿ, ಅರ್ಧ ಹೊರಗೆ ಇರುವ ಆ ಗಳಿಗೆಯಲ್ಲಿ ಅದಕ್ಕೆ ಈಜಲೂ ಆಗದು, ಹಾರಲೂ ಆಗದು. ಟ್ರೌಟ್‌ಗೆ ಇದಕ್ಕಿಂತ ಸುಲಭದ ತುತ್ತು ಬೇಕಾ? ಅದು ಕಾಯುತ್ತಿದ್ದದ್ದೇ ಇದಕ್ಕೆ.

ನನ್ನ ಡಬ್ಬಿಯಲ್ಲಿ ಅಂಥ ಫ್ಲೈ ಇರಲಿಲ್ಲ. ಇದ್ದ ತೇಲುವ ಫ್ಲೈಯ ಕೆಳಭಾಗದ ಗರಿಯನ್ನೆಲ್ಲ ಕತ್ತರಿಸಿ, ಹೊಟ್ಟೆ ಭಾಗವನ್ನು ನೀರಲ್ಲಿ ಅದ್ದಿ ನೆನೆಸಿದೆ. ಈಗ ಮೇಲಿನ ಗರಿ ಮಾತ್ರ ತೇಲುತ್ತಿತ್ತು, ಮೈ ಕೆಳಗೆ ಜೋತುಬಿದ್ದಿತ್ತು. ಮೀನು ಸೆಳವಿಗೆ ಮುಖ ಮಾಡಿ ನಿಲ್ಲುತ್ತದಲ್ವಾ, ಅದಕ್ಕೇ ಹಿಂದಿನಿಂದ ಹೋಗಿ, ಅದರ ಮುಂದೆ ಮೂರು ಅಡಿ ದೂರಕ್ಕೆ ಎಸೆದೆ. ಮೂರನೇ ಸಲಕ್ಕೆ ಕಚ್ಚಿತು. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈಯಲ್ಲೇ ಬಿಡಿಸಿ ಬಿಟ್ಟೆ. ನನ್ನ ಕೈ ನಡುಗುತ್ತಿತ್ತು.

ಈಗ ಹೊಳೆಗೆ ಹೋದರೆ ಮೊದಲು ನಾಲ್ಕು ಕಲ್ಲು ಎತ್ತಿ ತಳ ನೋಡುತ್ತೇನೆ, ನೋಡಿ ಹಾಗೇ ವಾಪಸ್ ಇಡುತ್ತೇನೆ. ಹೊಟ್ಟೆಯ ಎರಡೂ ಪಕ್ಕ ಕಿವಿರು ಅಲ್ಲಾಡಿಸುತ್ತಿದ್ದರೆ ಮೇಫ್ಲೈ ನಿಂಫ್. ಅದರ ಬೆನ್ನಿನ ಮೇಲಿನ ರೆಕ್ಕೆಚೀಲ ಕಪ್ಪಾಗಿದ್ದರೆ ಹೊರಬರುವ ಕಾಲ ಹತ್ತಿರ ಬಂತು ಅಂತ. ಮರಳು, ಕಡ್ಡಿ ಅಂಟಿಸಿಕೊಂಡ ಗೂಡುಗಳಿದ್ದರೆ ಕ್ಯಾಡಿಸ್ ಅನ್ನುವ ಇನ್ನೊಂದು ಹುಳದ ಮರಿ. ಸ್ಟೋನ್‌ಫ್ಲೈ ಅನ್ನುವ ಹುಳ ಹೆಚ್ಚಾಗಿ ದಡಕ್ಕೆ ತೆವಳಿ ಬಂದು ಪೊರೆ ಬಿಡುತ್ತದೆ, ಹಾಗಾಗಿ ಅದರ ಖಾಲಿ ಪೊರೆ ಒಣ ಬಂಡೆಗಳ ಮೇಲೆ ಸಿಗುತ್ತದೆ. ಥರ್ಮಾಮೀಟರನ್ನೂ ನೀರಿಗಿಡುತ್ತೇನೆ. 20 ಡಿಗ್ರಿ ದಾಟಿದ್ದರೆ ಗಾಳ ಹಾಕುವುದೇ ಇಲ್ಲ, ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟರೂ ಮೀನು ಉಳಿಯುವುದು ಕಷ್ಟ.

ಒಂದು ಮಾತು ಹೇಳಲೇಬೇಕು. ಸರಿಯಾದ ಫ್ಲೈ ಇದ್ದೂ ಮೀನು ಬರದಿದ್ದರೆ ದಾರ ನೋಡಿ. ನಡುವಿನ ಸೆಳವು ಜೋರಾಗಿದ್ದರೆ ದಾರ ಫ್ಲೈಯನ್ನು ಎಳೆಯುತ್ತದೆ, ಹುಳ ಹಾಗೆ ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಎಸೆದ ತಕ್ಷಣ ದಾರವನ್ನು ಸೆಳವು ಬರುವ ಕಡೆಗೆ ಎತ್ತಿ ಹಾಕಿದರೆ ಕೆಲವು ಸೆಕೆಂಡು ಫ್ಲೈ ಸುಮ್ನೆ ತೇಲುತ್ತದೆ, ಅಷ್ಟು ಸಾಕು.

ಹಾರಿಹೋದ ಮೇಫ್ಲೈ ದಡದ ಗಿಡದಲ್ಲಿ ಕೂತು ಇನ್ನೊಂದು ಸಲ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಅದೊಂದೇ. ಮೊಟ್ಟೆಯಿಟ್ಟು, ರೆಕ್ಕೆ ಚಾಚಿ, ಸತ್ತು ನೀರಿಗೆ ಬೀಳುತ್ತದೆ. ಆಗ ಮೀನು ಸದ್ದಿಲ್ಲದೆ ಹೀರುತ್ತದೆ, ನೀರಿನ ಮೇಲೆ ಸಣ್ಣದೊಂದು ಉಂಗುರ ಅಷ್ಟೇ. ಸಂಜೆ ಆ ಉಂಗುರಗಳು ಶುರುವಾದರೆ ನಾನು ಮತ್ತೆ ಫ್ಲೈ ಬದಲಿಸುತ್ತೇನೆ.